ಬ್ರೆಜಿಲ್‌ನ ಕಲ್ಯಾಣ ಯೋಜನೆಯಿಂದ ನಾವು ಕಲಿಯುವುದು ಏನಾದರೂ ಇದೆಯಾ?

ಇದೆ, ಆದರೆ ಹಾಗೇ ಎತ್ತಿ ತರಲು ಆಗುವುದಿಲ್ಲ. 2003ರಲ್ಲಿ ಬ್ರೆಜಿಲ್ ಬೇರೆಬೇರೆ ಇದ್ದ ನಾಲ್ಕು ಸಹಾಯಧನಗಳನ್ನು ಸೇರಿಸಿ ಬೋಲ್ಸಾ ಫಮಿಲಿಯಾ ಶುರು ಮಾಡಿತು. ದುಡ್ಡು ಹೆಚ್ಚಾಗಿ ಮನೆಯ ಹೆಂಗಸಿನ ಕಾರ್ಡಿಗೆ. ಮಕ್ಕಳು ಶಾಲೆಗೆ ಹೋಗಬೇಕು, ಲಸಿಕೆ ಹಾಕಿಸಿರಬೇಕು ಅನ್ನುವ ಷರತ್ತೂ ಇದೆ. ನನಗೆ ತುಂಬ ಹಿಡಿಸಿದ್ದು ಏನೆಂದರೆ, ಮಗು ಶಾಲೆ ತಪ್ಪಿಸಿದರೆ ತಕ್ಷಣ ದುಡ್ಡು ನಿಲ್ಲಿಸುವುದಿಲ್ಲ, ಮೊದಲು ಎಚ್ಚರಿಕೆ ಕೊಡುತ್ತಾರೆ, ಪೂರ್ತಿ ರದ್ದು ಮಾಡುವುದು ಕೊನೆಗೆ.

ನಮ್ಮ ಗೃಹಲಕ್ಷ್ಮಿಯೂ 2023ರಿಂದ ಮನೆ ಯಜಮಾನಿಗೇ ತಿಂಗಳಿಗೆ 2,000 ರೂಪಾಯಿ ಅಂತ ಇಟ್ಟಿದೆ, ಒಳ್ಳೆಯದೇ. ಆದರೆ ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಾರೆ, ಬೆರಳಿನ ಗೆರೆ ಸವೆದು ಹೋಗಿದೆ, ಎಷ್ಟು ಒತ್ತಿದರೂ ಮಿಷನ್ ಹೆಬ್ಬೆಟ್ಟು ತಗೊಳ್ಳಲಿಲ್ಲ. ಅವರಿಗೆ ಬರುತ್ತಿದ್ದ ಒಂದು ಸಹಾಯಧನ ಅಷ್ಟಕ್ಕೇ ನಿಂತಿತು. ಯಾಕೆ ಅಂತ ಹೇಳುವವರೂ ಇರಲಿಲ್ಲ. ಎಲೆ, ಕತ್ತರಿ ಕೆಳಗಿಟ್ಟು ಮೂರು ಸಲ ಅಲೆದರು, ಪ್ರತಿ ಸಲ ಅರ್ಧ ದಿನದ ದುಡಿಮೆ ಹೋಯಿತು.

ನಾವು ಕಲಿಯಬೇಕಾದದ್ದು ಇದೇ ಅಲ್ವಾ? ದುಡ್ಡು ನಿಲ್ಲಿಸುವ ಮೊದಲು ಯಾರಾದರೂ ಮನೆಗೆ ಬಂದು ವಿಚಾರಿಸಲಿ. ಷರತ್ತುಗಳನ್ನು ಮಾತ್ರ ಸುಮ್ನೆ ತರುವುದು ಬೇಡ, ತಪಾಸಣೆ ಜಾಸ್ತಿಯಾದಷ್ಟೂ ಅಕ್ಕನಂಥವರೇ ಹೊರಗೆ ಉಳಿಯುತ್ತಾರೆ.