ಒಂದೇ ಹೊಲದ ಮಣ್ಣು, ಎರಡು ಲ್ಯಾಬು, ಎರಡು ಉತ್ತರ

ಪ್ರಶ್ನೆ: ಅಕ್ಕ, ನಮ್ಮದು ಮುಂಡಗೋಡ ತಾಲ್ಲೂಕು. ಎರಡು ಎಕರೆಯಲ್ಲಿ ಮಳೆ ನಂಬಿ ಗೋವಿನಜೋಳ ಹಾಕುತ್ತೇವೆ. ಈ ಸಲ ಒಂದೇ ಹೊಲದ ಮಣ್ಣನ್ನು ಎರಡು ಕಡೆ ಪರೀಕ್ಷೆಗೆ ಕೊಟ್ಟೆ. ಒಂದು ಕಡೆ ಜಿಂಕ್ 0.4 ಬಂತು, ಕೊರತೆ ಇದೆ ಎಂದರು. ಇನ್ನೊಂದು ಕಡೆ 0.9, ಸಾಕಷ್ಟಿದೆ ಎಂದರು. ಯಾವುದನ್ನು ನಂಬಲಿ? ಪರೀಕ್ಷೆ ಮಾಡಿಸುವುದೇ ದಂಡ ಅಲ್ವಾ?

ಉತ್ತರ: ತಮ್ಮಾ, ದಂಡ ಅಲ್ಲ. ಆದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಶಿರಸಿಗೆ ಬಂದು ನೆಲೆಸುವ ಮೊದಲು ಇಪ್ಪತ್ತೆಂಟು ವರ್ಷ ಮಣ್ಣಿನ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ಜಿಂಕಿಗೆ ಸಾಮಾನ್ಯವಾಗಿ ಹಿಡಿಯುವ ಗಡಿ 0.6 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 0.6 ಪಾಲು. ನಿಮ್ಮ ಎರಡು ಉತ್ತರ ಅದರ ಆಚೆಗೊಂದು, ಈಚೆಗೊಂದು ಬಿದ್ದಿವೆ.

ಮೊದಲು ನನಗೊಂದು ಹೇಳಿ. ಎರಡು ಚೀಲದ ಮಣ್ಣೂ ಒಂದೇ ರಾಶಿಯಿಂದ ತೆಗೆದದ್ದಾ? ನಿಮ್ಮ ಎರಡು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣೇ ಸುಮಾರು 18 ಲಕ್ಷ ಕಿಲೋ ತೂಗುತ್ತದೆ. ನೀವು ಕೊಡುವುದು ಅರ್ಧ ಕಿಲೋ. ಜಿಂಕ್ ನೋಡಲು ಲ್ಯಾಬಿನವರು ಅದರಲ್ಲಿ ತೂಗಿ ತೆಗೆಯುವುದು 10 ಗ್ರಾಂ. ಹೊಲದ ತುಂಬ ಅಡ್ಡಾಡಿ ಹತ್ತು ಹದಿನೈದು ಕಡೆ ತೆಗೆದ ಮಣ್ಣಾದರೆ ಆ ಹತ್ತು ಗ್ರಾಂ ನಿಮ್ಮ ಹೊಲದ ಮಾತು ಹೇಳುತ್ತದೆ. ಬದುವಿನ ಪಕ್ಕದಲ್ಲೋ ಗೊಬ್ಬರ ರಾಶಿ ಹಾಕಿದ್ದ ಜಾಗದಲ್ಲೋ ತೆಗೆದದ್ದಾದರೆ ಆ ಜಾಗದ ಮಾತಷ್ಟೇ.

ಇನ್ನು ಲ್ಯಾಬಿನ ಕಡೆಯದು. ಆ ಹತ್ತು ಗ್ರಾಂ ಮಣ್ಣನ್ನು ಮಣ್ಣಿನಿಂದ ಜಿಂಕನ್ನು ಬಿಡಿಸಿಕೊಳ್ಳುವ ಡಿಟಿಪಿಎ ಎಂಬ ದ್ರಾವಣದಲ್ಲಿ ಸರಿಯಾಗಿ ಎರಡು ಗಂಟೆ ಅಲುಗಾಡಿಸಬೇಕು. ನಡುವೆ ಕರೆಂಟ್ ಹೋಗಿ ಮಷೀನು ನಿಂತರೆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆಯ ಮಳೆಗಾಲದ ಕರೆಂಟು ನಿಮಗೇ ಗೊತ್ತು.

ಒಂದು ಮಳೆಗಾಲದ ವಿಷಯ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಡಿಸ್ಟಿಲ್ಡ್ ನೀರು ತುಂಬಿಡುವ ಪ್ಲಾಸ್ಟಿಕ್ ಕ್ಯಾನ್ ಒಡೆಯಿತು. ಎರಡು ದಿನಕ್ಕೆ ಅಂತ ಜಿ.ಐ. ತಗಡಿನ ಡ್ರಮ್ ಇಟ್ಟೆವು, ಅದೇ ಮುಂದುವರಿಯಿತು. ಆ ತಗಡಿಗೆ ಬಳಿದಿರುವುದೇ ಸತು, ಅಂದರೆ ಜಿಂಕ್. ಮಣ್ಣು ಹಾಕದೆ ಬರೀ ದ್ರಾವಣ ತುಂಬಿದ ಬಾಟಲಿಯನ್ನೂ ಜೊತೆಗೆ ಅಳೆಯಬೇಕಿತ್ತು, ನೀರಿನಲ್ಲೇ ಜಿಂಕ್ ಸೇರಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಕೆಲಸದ ಒತ್ತಡದಲ್ಲಿ ಬಿಟ್ಟಿದ್ದೆವು. ಮೂರು ವಾರ ಬಂದವರ ಮಣ್ಣಿನಲ್ಲೆಲ್ಲ ಜಿಂಕ್ ಜಾಸ್ತಿ. ಕೊನೆಗೆ ನಮ್ಮದೇ ಪರೀಕ್ಷೆ ಮಣ್ಣನ್ನು, ಅಂದರೆ ಉತ್ತರ ಮೊದಲೇ ಗೊತ್ತಿದ್ದು ಡಬ್ಬಿಯಲ್ಲಿ ಇಟ್ಟುಕೊಂಡ ಮಣ್ಣನ್ನು ಅಳೆದೆ. ಅದರಲ್ಲೂ ದುಪ್ಪಟ್ಟು ಬಂತು. ಮತ್ತೆ ಎಲ್ಲವನ್ನೂ ಅಳೆದು ಫಲಿತಾಂಶದ ಹೊಸ ಕಾರ್ಡ್ ಕಳಿಸುವಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಮಳೆ ನಂಬಿದವರಿಗೆ ವರ್ಷಕ್ಕೆ ಅದೊಂದೇ ಬಿತ್ತನೆ. ಆ ಸಂಕಟ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಲ್ಯಾಬಿಗೆ ಹೋದಾಗ ಹಿಂಜರಿಯದೆ ಕೇಳಿ: ಪ್ರತಿ ಸಲವೂ ಗೊತ್ತಿರುವ ಮಣ್ಣನ್ನು ಜೊತೆಗೆ ಅಳೆಯುತ್ತೀರಾ? ಬೇರೆ ಲ್ಯಾಬಿನ ಜೊತೆ ಮಣ್ಣು ಬದಲಾಯಿಸಿ ತಾಳೆ ನೋಡುತ್ತೀರಾ? ರಂಜಕ, ಅಂದರೆ ಫಾಸ್ಫರಸ್ ಅಳೆಯಲು ಯಾವ ವಿಧಾನ? ಹುಳಿ ಮಣ್ಣಿಗೆ ಬ್ರೇ ವಿಧಾನ ಹೊಂದುತ್ತದೆ, ಕ್ಷಾರದ ಕಪ್ಪು ಮಣ್ಣಿಗೆ ಓಲ್ಸನ್. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ. ಹೊಸ ಕಟ್ಟಡ, ಹೊಸ ಮಷೀನು ಬಂದರೆ ಸಂತೋಷವೇ. ಆದರೆ ಆ ಡಬ್ಬಿ ಮಣ್ಣಿಗೆ ಖರ್ಚೇ ಇಲ್ಲ, ಲ್ಯಾಬ್ ಸುಧಾರಿಸುವುದು ಅಲ್ಲಿಂದಲೇ ಎಂದು ನನ್ನ ನಂಬಿಕೆ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ಮಳೆ ಆಶ್ರಿತ ಜಮೀನಿಗೆ 10 ಹೆಕ್ಟೇರಿಗೆ ಒಂದು ಮಾದರಿ ಎಂದಿತ್ತು, ನೀರಾವರಿಗೆ ಎರಡೂವರೆ ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರ್ ಎಂದರೆ ಸುಮಾರು 25 ಎಕರೆ. ನಿಮ್ಮ ಹಳೇ ಕಾರ್ಡಿನ ಮಣ್ಣು ಪಕ್ಕದವರ ಹೊಲದ್ದೂ ಇರಬಹುದು. ಅದಕ್ಕಾಗಿ ನೀವೇ ಮಣ್ಣು ಒಯ್ದು ಕೊಟ್ಟದ್ದು ಒಳ್ಳೆಯದಾಯಿತು.

ಈಗ ಏನು ಮಾಡಬೇಕು? ಮತ್ತೊಮ್ಮೆ ಮಣ್ಣು ತೆಗೆಯಿರಿ. ಪ್ಲಾಸ್ಟಿಕ್ ಬುಟ್ಟಿ ಬಳಸಿ, ತಗಡಿನ ಬಕೆಟ್ ಬೇಡ, ಗೊಬ್ಬರದ ಹಳೇ ಚೀಲವೂ ಬೇಡ. ನೆರಳಲ್ಲಿ ಒಣಗಿಸಿ, ಚೆನ್ನಾಗಿ ಕಲಸಿ, ಅದೇ ರಾಶಿಯಿಂದ ಎರಡೂ ಲ್ಯಾಬಿಗೆ ಕೊಡಿ. ಒಂದು ಪಾಲು ನಿಮ್ಮಲ್ಲೇ ಇರಲಿ, ಮೇಲೆ ತಾರೀಖು ಬರೆದಿಡಿ.

ಅಷ್ಟರಲ್ಲಿ ಮಳೆ ಬಂದರೆ ಕಾಯಬೇಡಿ. ಒಂದು ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಹಾಕಿ, ಇನ್ನೊಂದಕ್ಕೆ ಹಾಕಬೇಡಿ. ರಂಜಕ ಇರುವ ಡಿಎಪಿ ಗೊಬ್ಬರದ ಜೊತೆ ಮಾತ್ರ ಕಲಸಬೇಡಿ, ರಂಜಕ ಮತ್ತು ಜಿಂಕ್ ಕಚ್ಚಿಕೊಂಡು ಎರಡೂ ಬೆಳೆಗೆ ಸಿಗುವುದಿಲ್ಲ. ಎಳೇ ಎಲೆಯ ಬುಡದ ಕಡೆ ನಡುನರದ ಅಕ್ಕಪಕ್ಕ ಬಿಳಿಚಿದ ಪಟ್ಟೆ ಬರುತ್ತದಾ ನೋಡುತ್ತಿರಿ. ತೆನೆಯಲ್ಲಿ ಕೂದಲು ಹೊರಡುವಾಗ ತೆನೆಯ ಬುಡದ ಎಲೆಯನ್ನು ಎರಡೂ ಎಕರೆಯಿಂದ ಬೇರೆ ಬೇರೆ ಕಾಗದದ ಚೀಲದಲ್ಲಿ ಹಾಕಿ ಎಲೆ ಪರೀಕ್ಷೆಗೆ ಕೊಡಿ. ಆಗ ಮಳೆ ಕೈಕೊಟ್ಟು ಗಿಡ ಬಾಡಿದ್ದರೆ ಎಲೆ ಕೀಳಬೇಡಿ. ಬಾಯಾರಿದ ಗಿಡ ಮಣ್ಣಿನಲ್ಲಿದ್ದದ್ದನ್ನೂ ಎಳೆದುಕೊಳ್ಳಲಾರದು. ಒಂದು ಹದ ಮಳೆಯಾಗಿ ನಾಲ್ಕೈದು ದಿನ ಕಳೆಯಲಿ.

ಎರಡೂ ಕಡೆಯ ಇಳುವರಿ ತೂಗಿದ ಮೇಲೆ ನನಗೆ ಬರೆಯಿರಿ.