ಸಂಪಾದಕರ ಉತ್ತರ: ಬಳ್ಳಾರಿಯ ಕಂಚಿನ ಯುಗ ಎಲ್ಲಿ ಹೋಯ್ತು?

ನಮಸ್ಕಾರ ಸರ್,

ನಿಮ್ಮ ಪತ್ರ ಬಂದು ಮೂರು ವಾರ ಆಯ್ತು. ಉತ್ತರ ತಡವಾಯಿತು, ಬೇಸರ ಮಾಡ್ಕೋಬೇಡಿ. ನಮ್ಮ ಹಿಂದಿನ ಸಂಚಿಕೆಯ ಚಾರ್ಟ್ ನೋಡಿ ಎಂಟನೇ ಕ್ಲಾಸಿನ ನಿಮ್ಮ ಮಗಳು ಎರಡು ಪ್ರಶ್ನೆ ಕೇಳಿದಳು ಅಂತ ಬರೆದಿದ್ದೀರಿ. ಹಳೆಯ ಶಿಲಾಯುಗದವರು ಲಕ್ಷಾಂತರ ವರ್ಷ ಅದೇ ಕೈಗೊಡಲಿ (ಹಿಡಿ ಇಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಕೊಡಲಿ) ಮಾಡಿಕೊಂಡಿದ್ದರಲ್ಲ, ಅವರು ದಡ್ಡರಾ? ಕಲ್ಲು, ಕಂಚು, ಕಬ್ಬಿಣ ಅಂತ ಮೆಟ್ಟಿಲು ಬರೆದಿದ್ದೀರಲ್ಲ, ನಮ್ಮ ಬಳ್ಳಾರಿ ಕಡೆ ಕಂಚಿನ ಯುಗ ಯಾವಾಗ ಇತ್ತು?

ಎರಡನೆಯದಕ್ಕೇ ಮೊದಲು ಬರುತ್ತೇನೆ, ಯಾಕಂದ್ರೆ ಅಲ್ಲಿ ತಪ್ಪು ನಮ್ಮದು. ಬಳ್ಳಾರಿ ಕಡೆ ಹೇಳಿಕೊಳ್ಳುವಂಥ ಕಂಚಿನ ಯುಗ ಇರಲೇ ಇಲ್ಲ. ಆ ಮೂರು ಮೆಟ್ಟಿಲು ಹುಟ್ಟಿದ್ದು ಡೆನ್ಮಾರ್ಕಿನ ಮ್ಯೂಸಿಯಂ ಒಂದರಲ್ಲಿ. ಕೋಪನ್‌ಹೇಗನ್‌ನಲ್ಲಿ ಥಾಮ್ಸೆನ್ ಅನ್ನುವವರು, ಗುಡ್ಡೆಬಿದ್ದಿದ್ದ ಹಳೇ ವಸ್ತುಗಳನ್ನು ಹೇಗಾದರೂ ಜೋಡಿಸಿಡಬೇಕಲ್ಲ ಅಂತ ಕಲ್ಲಿನವು ಒಂದು ಕಡೆ, ಕಂಚಿನವು ಒಂದು ಕಡೆ, ಕಬ್ಬಿಣದವು ಒಂದು ಕಡೆ ಇಟ್ಟರು. 1836ರಲ್ಲಿ ಅದು ಪುಸ್ತಕದಲ್ಲೂ ಅಚ್ಚಾಯಿತು. ಅವರ ಊರಿನ ಮಣ್ಣಲ್ಲಿ ಸಿಕ್ಕಿದ್ದಕ್ಕೆ ಆ ಲೆಕ್ಕ ಸರಿಯಾಗಿಯೇ ಇತ್ತು. ಅದನ್ನೇ ನಾವು ಹಂಪಿ, ಮಸ್ಕಿ, ಬ್ರಹ್ಮಗಿರಿಗೂ ಅಂಟಿಸಿಬಿಟ್ಟೆವು.

ಹರಪ್ಪದವರು ಕಂಚು ಎರಕ ಹೊಯ್ಯುತ್ತಿದ್ದ ಕಾಲಕ್ಕೆ ನಿಮ್ಮ ಕಡೆ ದನ ಸಾಕುವವರಿದ್ದರು. ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು. (ರಾಗಿ ಆಫ್ರಿಕಾದ್ದು, ನಮ್ಮಲ್ಲಿಗೆ ಬಂದದ್ದು ಆಮೇಲೆ. ಇದನ್ನು ಬರೆದಾಗಲೆಲ್ಲ ಬೈಗುಳದ ಪತ್ರ ಬರುತ್ತದೆ, ಬರಲಿ.) ಕುಡತಿನಿಯ ಬೂದಿದಿಬ್ಬ ನೋಡಿರಬಹುದು. ಅದು ಅವರ ದನಗಳ ಸಗಣಿ ರಾಶಿ ಹಾಕಿ ಸುಟ್ಟದ್ದು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತಾರೆ. ಕಥೆ ಚೆನ್ನಾಗಿದೆ, ಸಗಣಿ ಇನ್ನೂ ಚೆನ್ನಾಗಿದೆ: ಗಡಿಯಾಚೆ ತೆಲಂಗಾಣದ ಉಟ್ನೂರಿನ ಬೂದಿದಿಬ್ಬ ಅಗೆದಾಗ ದೊಡ್ಡಿಯ ಬೇಲಿಗೂಟದ ಗುಳಿಗಳ ಜೊತೆ ದನಗಳ ಗೊರಸಿನ ಗುರುತೇ ಸಿಕ್ಕಿತ್ತು.

ಈ ಜನಕ್ಕೆ ಲೋಹ ಗೊತ್ತೇ ಇರಲಿಲ್ಲ ಅಂತಲ್ಲ. ತೆಕ್ಕಲಕೋಟೆಯಲ್ಲಿ ತಾಮ್ರ, ಚಿನ್ನ ಎರಡೂ ಸಿಕ್ಕಿವೆ, ಆದರೆ ಚೂರುಪಾರು. ಕೊಡಲಿ ಮಾತ್ರ ಕಲ್ಲಿನದೇ. ಕಂಚು ಬೇಕಾದರೆ ತಾಮ್ರದ ಜೊತೆ ತವರ ಬೇಕು, ತವರ ದೂರದ ಮಾತು. ಇತ್ತ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕರಿಕಲ್ಲಿನ ಪಟ್ಟೆಯೇ ಎದ್ದು ನಿಂತಿದೆ. ಅದನ್ನು ಒಡೆದು, ಚಕ್ಕೆ ಎಬ್ಬಿಸಿ ಒರಟು ಆಕಾರ ತಂದು, ಆಮೇಲೆ ಸಣ್ಣಗೆ ಕುಟ್ಟಿ ಉಬ್ಬುತಗ್ಗು ತೆಗೆದು, ಕೊನೆಗೆ ಬಂಡೆ ಮೇಲೆ ಉಜ್ಜಿ ಉಜ್ಜಿ ಬಾಯಿ ಹರಿತ ಮಾಡುತ್ತಿದ್ದರು. ಒಂದೂರಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಕ್ರಿ.ಪೂ. 1400ರಿಂದ 1200ರ ಸುಮಾರಿಗೆ ಅದು ಕಾರ್ಖಾನೆಯೇ ಅನ್ನಿ. ಅಂಥ ಕೊಡಲಿ ಕೈಯಲ್ಲಿರುವಾಗ ಕಂಚಿಗಾಗಿ ಯಾರು ಅಲೆಯುತ್ತಾರೆ? ಇದು ನನ್ನ ಊಹೆ.

ಆಮೇಲೆ ಕಬ್ಬಿಣ ಬಂತು. ಅದರ ಅದಿರು ನಿಮ್ಮ ಕಾಲಡಿಯಲ್ಲೇ ಇತ್ತಲ್ಲ. ಆದರೆ ಕಬ್ಬಿಣ ಬಂತು ಅಂತ ಯಾರೂ ಕಲ್ಲುಕೊಡಲಿ ಬಿಸಾಕಲಿಲ್ಲ. 1947ರಲ್ಲಿ ಪುರಾತತ್ತ್ವಜ್ಞ ವೀಲರ್ ಬ್ರಹ್ಮಗಿರಿ ಅಗೆದಾಗಲೂ, 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆ ದಡದ ಹಲ್ಲೂರು ಅಗೆದಾಗಲೂ ಹಳೆಯದು, ಹೊಸದು ಕೆಲವು ಪದರಗಳಲ್ಲಿ ಜೊತೆಜೊತೆಗೇ ಸಿಕ್ಕಿದ್ದವು. ನಮ್ಮ ಮನೆ ಅಡುಗೆಮನೆಗೆ ಗ್ಯಾಸ್ ಬಂದು ಮೂವತ್ತು ವರ್ಷ ಆಯ್ತು, ಬಚ್ಚಲಿನ ಹಂಡೆ ಕೆಳಗೆ ಇವತ್ತಿಗೂ ಸೌದೆಯೇ ಉರಿಯುತ್ತದೆ. ನಾಳೆ ಯಾರಾದರೂ ನಮ್ಮ ಮನೆ ಅಗೆದರೆ ಯಾವ ಯುಗ ಅಂತ ಬರೆಯುತ್ತಾರೋ!

ಇನ್ನು ಕೈಗೊಡಲಿ. ಅದನ್ನು ಮಾಡುವುದು ಸುಮ್ನೆ ಕಲ್ಲು ಕುಟ್ಟಿದ ಹಾಗಲ್ಲ. ಒಮ್ಮೆ ನಾನೇ ಕೂತು ಪ್ರಯತ್ನಿಸಿದ್ದೆ. ಹೆಬ್ಬೆರಳು ಜಜ್ಜಿತು, ಕಲ್ಲು ಕಲ್ಲಾಗಿಯೇ ಉಳಿಯಿತು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದದ್ದು ಕೈಗೊಡಲಿ ಮಾಡುತ್ತಿದ್ದ ಕಲ್ಲುಗಣಿಯನ್ನೇ. ಅಲ್ಲಿ ಸಿಕ್ಕ ಪ್ರಾಣಿ ಹಲ್ಲಿನ ಪರೀಕ್ಷೆ ಸುಮಾರು 12 ಲಕ್ಷ ವರ್ಷ ಅನ್ನುತ್ತದೆ. ಅಂದರೆ ಮಾಡಿದವರು ನಮ್ಮ ಪ್ರಭೇದದ ಮನುಷ್ಯರೇ ಅಲ್ಲ, ನಾವು ಹುಟ್ಟಿ ಸುಮಾರು 3 ಲಕ್ಷ ವರ್ಷ ಅಷ್ಟೆ. ಅವರು ಸುಣ್ಣಕಲ್ಲಿನ ಹಾಸಿನಲ್ಲಿ ತಕ್ಕ ದಪ್ಪದ ಚಪ್ಪಡಿ ಆರಿಸಿ ಎಬ್ಬಿಸುತ್ತಿದ್ದರು, ಕುಟ್ಟಲು ಬೇರೆ ಜಾತಿಯ ಗಟ್ಟಿ ಕಲ್ಲು ಇಟ್ಟುಕೊಂಡಿದ್ದರು. ಒಳಗಿರುವ ಆಕಾರ ಮೊದಲೇ ತಲೆಯಲ್ಲಿರದೆ ಇದು ಆಗುವ ಕೆಲಸವಲ್ಲ.

ಹಾಗಾದರೆ ಅಷ್ಟು ನಿಧಾನ ಯಾಕೆ? ಜನ ತೀರಾ ಕಡಿಮೆ, ಗುಂಪುಗಳು ದೂರ ದೂರ. ಯಾರೋ ಒಬ್ಬ ಒಳ್ಳೆಯ ಉಪಾಯ ಕಂಡುಕೊಂಡ ಅಂತಿಟ್ಟುಕೊಳ್ಳಿ, ಒಂದು ಬರ ಬಂದು ಆ ಗುಂಪು ಅಳಿದರೆ ಉಪಾಯವೂ ಅಲ್ಲಿಗೆ ಮುಗಿಯಿತು. ಕಲಿಸಿಕೊಡಲು ಮುಂದೆ ಯಾರಿದ್ದಾರೆ? ಜನ ಹೆಚ್ಚಿದ ಮೇಲೆ ವೇಗ ಬಂತು. ಕರ್ನೂಲು ಕಡೆಯ ಜ್ವಾಲಾಪುರದಲ್ಲಿ ಸುಮಾರು 35,000 ವರ್ಷ ಹಿಂದೆಯೇ ಉಗುರಿನಷ್ಟು ಸಣ್ಣ ಕಲ್ಲಲಗುಗಳು ಬಂದಿದ್ದವು, ಹಿಡಿಗೆ ಸಿಕ್ಕಿಸುವಂಥವು. ಒಂದು ಮುರಿದರೆ ಅದನ್ನಷ್ಟೇ ಬದಲಾಯಿಸಿದರಾಯಿತು. ಅಂಥ ಅಲಗುಗಳನ್ನು ಎಷ್ಟೋ ಸಾವಿರ ವರ್ಷ ಆದ ಮೇಲೆ ನಿಮ್ಮ ಬಳ್ಳಾರಿ ಕಡೆಯ ದನಗಾಹಿಗಳೂ ಬಳಸುತ್ತಿದ್ದರು.

ಮುಂದಿನ ಸಂಚಿಕೆಯಲ್ಲಿ ಆ ಚಾರ್ಟ್ ತಿದ್ದಿ ಹಾಕುತ್ತೇವೆ, ಮೆಟ್ಟಿಲು ಇರುವುದಿಲ್ಲ. ಮಗಳು ಪರೀಕ್ಷೆಯಲ್ಲಿ ಮಾತ್ರ ಪಾಠದಲ್ಲಿರುವುದನ್ನೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ರಜೆಯಲ್ಲಿ ಅವಳನ್ನು ಸಂಗನಕಲ್ಲಿಗೆ ಕರೆದುಕೊಂಡು ಹೋಗಿ, ಹತ್ತಿರವೇ ಅಲ್ವಾ? ಕೊಡಲಿ ಉಜ್ಜಿ ಉಜ್ಜಿ ಬಿದ್ದ ತಗ್ಗುಗಳು ಬಂಡೆ ಮೇಲೆ ಇನ್ನೂ ಇವೆ, ಬೆರಳಿಟ್ಟರೆ ನುಣುಪು ತಿಳಿಯುತ್ತದೆ. ಬೆಳಿಗ್ಗೆ ಬೇಗ ಹೊರಡಿ. ಹತ್ತು ಗಂಟೆ ಆದ ಮೇಲೆ ಆ ಬಂಡೆ ಮೇಲೆ ಕೈ ಇಡಕ್ಕಾಗಲ್ಲ.

ಇಂತಿ,
ಸಂಪಾದಕ