ಒಂದೇ ಬ್ಯಾಟರಿ ಬದಲಾಯಿಸಬೇಡಿ
ಹಳೇ ಎಲೆಕ್ಟ್ರಿಕ್ ಬೈಕಿನ ಲೈಟ್ ಹತ್ತುತ್ತದೆ, ಆಕ್ಸಿಲರೇಟರ್ ತಿರುಗಿಸಿದರೆ ಆಫ್ ಆಗುತ್ತದೆ, ಮೋಟಾರ್ ಬಿಚ್ಚಲಾ ಅಂತ ಕೇಳಿದ್ದೀರಲ್ಲ, ಬೇಡ ಸಾರ್. ಮೊದಲು ಆ ನಾಲ್ಕು ಲೆಡ್ ಆಸಿಡ್ ಬ್ಯಾಟರಿ ನೋಡಿ. ಮೀಟರ್ ಇಟ್ಟರೆ ನಾಲ್ಕೂ 12.6 ವೋಲ್ಟ್ ತೋರಿಸಬಹುದು, ನಂಬಬೇಡಿ. ಕೈಬೆರಳಿನ ಉಂಗುರ ತೆಗೆದಿಟ್ಟು ಬ್ಯಾಟರಿ ಒಂದೊಂದನ್ನೇ ಬಿಚ್ಚಿ, ಕಾರಿನ 12 ವೋಲ್ಟ್ ಹೆಡ್‌ಲೈಟ್ ಬಲ್ಬ್ ಹಚ್ಚಿ ಹತ್ತು ನಿಮಿಷ ಬಿಡಿ, ಅಷ್ಟರಲ್ಲೇ ಯಾವುದು 10.5 ವೋಲ್ಟಿಗಿಂತ ಕೆಳಗೆ ಬೀಳುತ್ತದೋ ಅದೇ ಕಳ್ಳ. ನನ್ನದರಲ್ಲಿ ಮೂರನೆಯದು. ಅದೊಂದನ್ನೇ ಬದಲಾಯಿಸಿ ದುಡ್ಡು ಉಳಿಸಿದೆ ಅಂದುಕೊಂಡೆ, ಮೂರು ತಿಂಗಳಿಗೆ ಚಾಮುಂಡಿ ಬೆಟ್ಟದ ಅರ್ಧದಲ್ಲಿ ನಿಂತಿತು. ಜಾವಾ ಬೈಕ್ ತಯಾರಾದ ಮೈಸೂರಲ್ಲಿ ಬೈಕ್ ತಳ್ಳೋದು ಅವಮಾನ ಅಲ್ವಾ! ಹಳೆಯವು ಹೊಸದನ್ನೂ ಕೆಡಿಸುತ್ತವೆ, ನಾಲ್ಕನ್ನೂ ಒಟ್ಟಿಗೇ ಹಾಕಿ. ಲಿಥಿಯಂ ಹಾಕಿದರೆ ಅದಕ್ಕೆ ಹೊಂದುವ ಚಾರ್ಜರೇ ಬೇಕು, ಹಳೇದನ್ನು ಸುಮ್ನೆ ಚುಚ್ಚಬೇಡಿ.